ಹಾಕದೆ ಬಿಟ್ಟ ಮೂರನೆಯ ಡಯೋಡು

ನಾನು ಓದು ಮುಗಿಸಿ ಆ ವರ್ಕ್‌ಶಾಪಿಗೆ ಕೆಲಸಕ್ಕೆ ಸೇರಿದಾಗ ನನ್ನನ್ನು ಹಿಂದಿನ ಕೋಣೆಯಲ್ಲಿ ದೊಡ್ಡಕ್ಕನ ಪಕ್ಕ ಕೂರಿಸಿದರು. ದೊಡ್ಡಕ್ಕ ಎಂದರೆ ಮಾಲೀಕರ ಹಿರಿಯ ಸೊಸೆ. ಹದಿನೇಳು ವರ್ಷದಿಂದ ಅದೇ ಕೋಣೆ, ಅದೇ ಮೇಜು. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ, ಬೇಕರಿಯ ಒಲೆ, ಬಟ್ಟೆ ಒಣಗಿಸುವ ಯಂತ್ರ, ಇಂಥವನ್ನೆಲ್ಲ ಹೊತ್ತು ನೋಡಿ ಹಾಕುವ, ಆರಿಸುವ ಬೋರ್ಡುಗಳನ್ನು ಅವರು ತಯಾರಿಸುತ್ತಾರೆ. ಇಲ್ಲಿ ಬರೆದಿರುವುದನ್ನು ಅವರು ನನಗೆ ಒಂದೇ ಸಲ ಕೂತು ಹೇಳಲಿಲ್ಲ. ಬೆಸುಗೆ ಹಾಕುತ್ತಾ, ತಲೆ ಎತ್ತದೆ, ತಿಂಗಳುಗಟ್ಟಲೆ ಚೂರು ಚೂರಾಗಿ ಹೇಳಿದರು.

ಮಾಲೀಕರ ಮನೆಯ ಕೆಳಗಿನ ಎರಡು ಕೋಣೆಗಳೇ ವರ್ಕ್‌ಶಾಪು. ಮುಂದಿನ ಕೋಣೆಗೆ ರಸ್ತೆಯ ಕಡೆ ದೊಡ್ಡ ಕಿಟಕಿ. ಅಲ್ಲಿ ರಿಪೇರಿ. ಹಿಂದಿನ ಕೋಣೆಗೆ ಗೋಡೆಯ ಮೇಲ್ಗಡೆ ಒಂದು ಗವಾಕ್ಷಿ, ಅದರಲ್ಲೂ ಹೊಗೆ ಎಳೆಯುವ ಫ್ಯಾನು. ಅಲ್ಲಿ ತಯಾರಿ. ರಿಪೇರಿ ನೋಡುವವಳು ಕಿರಿಯ ಸೊಸೆ, ದೊಡ್ಡಕ್ಕನ ಓರಗಿತ್ತಿ. ಗಿರಾಕಿಗಳೆಲ್ಲ ಅವಳನ್ನು 'ಡಾಕ್ಟರಮ್ಮ' ಎನ್ನುತ್ತಿದ್ದರು. ಸ್ಕೂಟರಿನ ಮುಂದೆ ಉಪಕರಣದ ಚೀಲ ಇಟ್ಟುಕೊಂಡು ಅವಳು ಹೊರಟಳೆಂದರೆ ರಸ್ತೆಯ ತಿರುವಿನತನಕ ನಾಲ್ಕು ಜನರಾದರೂ ಕೈ ಎತ್ತಿ ಮಾತಾಡಿಸುವರು. ದೊಡ್ಡಕ್ಕನನ್ನು ಆ ರಸ್ತೆಯಲ್ಲಿ ಮಾತಾಡಿಸುತ್ತಿದ್ದುದು ತರಕಾರಿಯವಳು ಒಬ್ಬಳೇ, ಅದೂ ಚಿಲ್ಲರೆ ಇದೆಯೇ ಎಂದು ಕೇಳಲಿಕ್ಕೆ.

ದೊಡ್ಡಕ್ಕನ ಕೆಲಸ ಏನೆಂದು ಹೇಳದೆ ಅವರ ಹೊಟ್ಟೆಕಿಚ್ಚು ಅರ್ಥವಾಗುವುದಿಲ್ಲ.

ಅವರ ಬೋರ್ಡಿನಲ್ಲಿ ನಾಲ್ಕು ರಿಲೇಗಳು ಇರುತ್ತವೆ. ರಿಲೇ ಎಂದರೆ ಕರೆಂಟಿನಿಂದ ಆಡುವ ಸ್ವಿಚ್ಚು. ಒಳಗೆ ತಾಮ್ರದ ತಂತಿ ಸುತ್ತಿದ ಪುಟ್ಟ ಕಾಯಿಲ್. ಕಾಯಿಲಿಗೆ ಕರೆಂಟು ಕೊಟ್ಟರೆ ಅದು ಅಯಸ್ಕಾಂತವಾಗಿ ಸ್ವಿಚ್ಚನ್ನು ಎಳೆಯುತ್ತದೆ, ಬಿಟ್ಟರೆ ಸ್ವಿಚ್ಚು ಮರಳುತ್ತದೆ. ತೊಂದರೆ ಇರುವುದು ಬಿಡುವಾಗ. ಓಡುವ ಕರುವಿನ ಹಗ್ಗವನ್ನು ಥಟ್ಟನೆ ಹಿಡಿದರೆ ಹಿಡಿದವನೇ ಮುಗ್ಗರಿಸುತ್ತಾನಲ್ಲ, ಹಾಗೆ ಕಾಯಿಲಿನಲ್ಲಿ ಓಡುತ್ತಿದ್ದ ಕರೆಂಟನ್ನು ಒಮ್ಮೆಲೇ ತಡೆದರೆ ಅದು ಹಿಂದಕ್ಕೆ ಒದೆಯುತ್ತದೆ. ಹನ್ನೆರಡು ವೋಲ್ಟಿನ ಕಾಯಿಲು ನೂರಾರು ವೋಲ್ಟಿನ ಒದೆ ಕೊಡಬಲ್ಲದು. ದೊಡ್ಡಕ್ಕ ಕೆಲಸ ಕಲಿಯುವಾಗ ಒಮ್ಮೆ ಬ್ಯಾಟರಿಯಿಂದ ಕಾಯಿಲನ್ನು ಬಿಡಿಸುತ್ತಾ ಎರಡು ತುದಿಗಳನ್ನೂ ಬರಿಗೈಯಲ್ಲಿ ಹಿಡಿದಿದ್ದರಂತೆ. ಮೊಣಕೈವರೆಗೆ ಝಲ್ಲೆಂದು ಸ್ಟೂಲಿನಿಂದ ಬಿದ್ದರಂತೆ. "ಬ್ಯಾಟರಿ ಮುಟ್ಟಿದ್ರೆ ಏನೂ ಆಗಲ್ಲ. ಕಾಯಿಲು ನೋಡು, ಕಳಿಸ್ವಾಗ ಒದ್ದು ಹೋಗುತ್ತೆ, ಕೆಲವರು ನೆಂಟರ ಹಾಗೆ" ಎಂದು ನಗಿಸುತ್ತಿದ್ದರು.

ಆ ಒದೆ ಬೋರ್ಡಿನ ಮೆದುಳಿಗೆ, ಅಂದರೆ ಎಲ್ಲವನ್ನೂ ಲೆಕ್ಕವಿಡುವ ಚಿಪ್ಪಿಗೆ, ತಗಲಿದರೆ ಅದು ದಿಕ್ಕುತಪ್ಪುತ್ತದೆ ಅಥವಾ ಸಾಯುತ್ತದೆ. ಅದಕ್ಕೆ ಮದ್ದು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಅಕ್ಕಿಕಾಳಿನಷ್ಟು ಗಾತ್ರದ ಒಂದು ಡಯೋಡು. ಅದನ್ನು ಕಾಯಿಲಿಗೆ ಅಡ್ಡಲಾಗಿ, ಅದರ ಮೈಮೇಲಿನ ಬೆಳ್ಳಿ ಗೆರೆ ಪ್ಲಸ್ ಕಡೆಗೆ ಬರುವಂತೆ ಬೆಸೆದರೆ ಒದೆಯುವ ಕರೆಂಟು ಅದರೊಳಗೆ ಸುತ್ತಿ ಸುತ್ತಿ ಸುಸ್ತಾಗಿ ತಣ್ಣಗಾಗುತ್ತದೆ. ನಾಲ್ಕು ರಿಲೇಗೆ ನಾಲ್ಕು ಡಯೋಡು. ದೊಡ್ಡಕ್ಕ ಬರುವ ಮೊದಲು ಆ ವರ್ಕ್‌ಶಾಪಿನ ಬೋರ್ಡುಗಳಲ್ಲಿ ಇದು ಕೆಲವಕ್ಕೆ ಇತ್ತು, ಕೆಲವಕ್ಕೆ ಇರಲಿಲ್ಲ, ಕೆಲವಕ್ಕೆ ತಿರುಗಾಮುರುಗಾ. ಅವರು ಬಂದ ಮೇಲೆ ಅದಿಲ್ಲದೆ ಒಂದು ಬೋರ್ಡೂ ಹೊಸಿಲು ದಾಟಲಿಲ್ಲ.

ಪರೀಕ್ಷೆಗೆ ಅವರದೇ ಒಂದು ದಾರಿ ಇತ್ತು. ಮೇಜಿನ ಮೇಲೆ ಹಳೆಯ ರೇಡಿಯೋ. ಯಾವ ಸ್ಟೇಷನ್ನೂ ಸಿಗದ ಜಾಗಕ್ಕೆ ಮುಳ್ಳು ತಿರುಗಿಸಿ ಇಟ್ಟಿರುತ್ತಿದ್ದರು. ಬೋರ್ಡನ್ನು ಅದರ ಪಕ್ಕಕ್ಕೆ ತಂದು ಒಂದೊಂದೇ ರಿಲೇಯನ್ನು ಹಾಕಿ ಆರಿಸುವುದು. ಡಯೋಡು ಸರಿಯಾಗಿದ್ದರೆ ರೇಡಿಯೋ ತನ್ನ ಪಾಡಿಗೆ ಸುಯ್ಯೆನ್ನುತ್ತಿರುತ್ತದೆ. ಇಲ್ಲದಿದ್ದರೆ ಆರಿಸಿದ ಕೂಡಲೇ 'ಚಟಾರ್' ಎನ್ನುತ್ತದೆ. ದಿನಕ್ಕೆ ಎಂಟು ಬೋರ್ಡು, ಒಂದೊಂದಕ್ಕೆ ನಾಲ್ಕು ರಿಲೇ, ಒಂದೊಂದು ರಿಲೇ ಇಪ್ಪತ್ತು ಸಲ. ಅಷ್ಟೂ ಹೊತ್ತು ಏನೂ ಕೇಳಿಸಬಾರದು. ಏನೂ ಕೇಳಿಸದಿದ್ದರೆ ಕೆಲಸ ಚೆನ್ನಾಗಿದೆ ಎಂದರ್ಥ.

ಅವರ ಬಾಳಿನ ಗೋಳೂ ಅದೇ ಆಗಿತ್ತು.

ಆ ಮನೆಯಲ್ಲಿ ಸಂಜೆ ಐದಕ್ಕೆ ಎಲ್ಲರೂ ಚಹಾ ಹಿಡಿದು ಮುಂದಿನ ಕೋಣೆಯಲ್ಲಿ ಕೂರಬೇಕು. ಮಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ, "ಸರಿ, ಇವತ್ತು ಯಾರು ಯಾರನ್ನ ಉಳಿಸಿದ್ರಪ್ಪಾ?" ಎಂದು ಕೇಳುವರು. ಆಗ ಕಿರಿಯವಳು ಶುರು ಮಾಡುವಳು. ಬೇಕರಿಯ ಒಲೆ ಆರಿಹೋಗಿ ಬೇಕರಿಯವನು ತಲೆಮೇಲೆ ಕೈ ಹೊತ್ತು ಕೂತಿದ್ದು, ತಾನು ಹೋಗಿ ಒಂದು ಫ್ಯೂಸು ಬದಲಿಸಿದ್ದು, ಅವನು ಕಾಲಿಗೆ ಬೀಳುವುದೊಂದು ಬಾಕಿ ಉಳಿದದ್ದು. ಅವಳು ಬೇಕರಿಯವನ ದನಿಯನ್ನೂ ಮಾಡುವಳು, ಒಲೆಯ ದನಿಯನ್ನೂ ಮಾಡುವಳು. ಮಾವ ಚಹಾ ಚೆಲ್ಲುವಷ್ಟು ನಗುವರು. ಆಮೇಲೆ ನೆನಪಾದವರಂತೆ ಇತ್ತ ತಿರುಗಿ, "ನಿನ್ನದೇನಮ್ಮ?" ಎನ್ನುವರು.

"ಎಂಟು ಬೋರ್ಡು ಆಯ್ತು, ಮಾವ."

"ಆಮೇಲೆ?"

"ಆಮೇಲೇನು, ಏನೂ ಆಗ್ಲಿಲ್ಲ."

"ಒಳ್ಳೇದು, ಒಳ್ಳೇದು" ಎಂದು ಮಾವ ಮತ್ತೆ ಆ ಕಡೆ ತಿರುಗುವರು.

ಹಾಗೆ ವರ್ಷಗಳು ಕಳೆದವು. ಕಿರಿಯವಳಿಗೆ ಗಿರಾಕಿಗಳು ಕೊಟ್ಟದ್ದೆಲ್ಲ ಮುಂದಿನ ಕೋಣೆಯ ಗೂಡಿನಲ್ಲಿ ಸೇರುತ್ತಿತ್ತು: ಜೇನಿನ ಬಾಟಲಿ, ಉಣ್ಣೆಯ ಕೈಚೀಲ, ಗೋಡೆ ಗಡಿಯಾರ, ಒಂದು ಗಾಜಿನ ಬಾತುಕೋಳಿ. ದೊಡ್ಡಕ್ಕನಿಗೆ ಆ ಬಾತುಕೋಳಿಯನ್ನು ಕಂಡರೆ ಆಗುತ್ತಿರಲಿಲ್ಲ. ಗೂಡು ಒರೆಸುವ ದಿನ ಅದರ ಮುಖವನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದರು. ಮರುದಿನ ಅದು ಮತ್ತೆ ಇವರನ್ನೇ ನೋಡುತ್ತಿರುತ್ತಿತ್ತು.

"ಕೆಟ್ಟುಹೋದ್ದನ್ನ ಸರಿಮಾಡಿದ್ರೆ ದೇವರು. ಕೆಡದ ಹಾಗೆ ಮಾಡಿದ್ರೆ ಯಾರೂ ಅಲ್ಲ" ಎಂದು ರಾತ್ರಿ ಊಟಕ್ಕೆ ಬಡಿಸುತ್ತಾ ಗಂಡನ ಹತ್ತಿರ ಹೇಳಿಕೊಂಡರೆ ಅವರು, "ನಿಂಗೂ ಸ್ಕೂಟರ್ ಬೇಕಾ?" ಎಂದರಂತೆ. ಅದರ ಮೇಲೆ ಅವರೊಡನೆ ಆ ಮಾತೇ ಆಡಲಿಲ್ಲ.

ಹೀಗಿರುವಾಗ ಪತ್ರಿಕೆಯಲ್ಲಿ ಚಿತ್ರ ಬಂತು. 'ಯಂತ್ರಗಳ ಡಾಕ್ಟರಮ್ಮ' ಎಂದು ದೊಡ್ಡ ಅಕ್ಷರ. ಕಿರಿಯವಳು ಕಿಟಕಿಯ ಬೆಳಕಿನಲ್ಲಿ ನಿಂತು ನಗುತ್ತಿದ್ದಾಳೆ, ಕೈಯಲ್ಲಿ ಒಂದು ಬೋರ್ಡು ಎತ್ತಿ ಹಿಡಿದಿದ್ದಾಳೆ. ಆ ಬೋರ್ಡು ದೊಡ್ಡಕ್ಕನದು. ಹಿಂದಿನ ದಿನವಷ್ಟೇ ಮುಗಿಸಿದ್ದು, ಚಿತ್ರ ತೆಗೆಯುವವನು ಕೈಯಲ್ಲಿ ಏನಾದರೂ ಹಿಡಿದುಕೊಳ್ಳಿ ಎಂದದ್ದಕ್ಕೆ ಅವಳು ಹಿಂದಿನ ಕೋಣೆಗೆ ಬಂದು, "ಅಕ್ಕ, ಒಂದ್ನಿಮಿಷ ಕೊಡ್ತೀರಾ?" ಎಂದು ಒಯ್ದಿದ್ದಳು. ಬೆಸುಗೆಯ ಒಂದೊಂದು ಚುಕ್ಕಿಯೂ ಮುತ್ತಿನ ಹಾಗೆ ಕಾಣುತ್ತಿತ್ತು. ಕೆಳಗೆ ಬರೆದದ್ದರಲ್ಲಿ ಅದನ್ನು ಯಾರು ಮಾಡಿದರೆಂದು ಒಂದಕ್ಷರವಿಲ್ಲ. ಮಾವ ಅದನ್ನು ಕತ್ತರಿಸಿ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು.

"ಆವತ್ತು ನನ್ನ ಹೊಟ್ಟೇಲಿ ಬಿದ್ದ ಕಿಚ್ಚಲ್ಲಿ ಒಂದು ಬೇಕರಿ ನಡೆಸ್ಬಹುದಿತ್ತು" ಎಂದು ದೊಡ್ಡಕ್ಕ ನನಗೆ ಹೇಳಿದರು. ಆದರೆ ಆಗ ಅವರು ನಗಲಿಲ್ಲ.

ಅದೇ ವಾರ ಕಿರಿಯವಳು ತಂಗಿಯ ಬಾಣಂತನಕ್ಕೆಂದು ಹತ್ತು ದಿನ ತವರಿಗೆ ಹೊರಟಳು. ಅದೇ ವಾರ ಮರಿ ಮೇಷ್ಟ್ರ ಬೋರ್ಡೂ ಹೋಗಬೇಕಿತ್ತು. ಮರಿ ಮೇಷ್ಟ್ರು ಎಂದರೆ ಶಾಲೆಯಿಂದ ನಿವೃತ್ತರಾಗಿ ಮನೆಯ ಹಿಂದಿನ ಕೋಣೆಯಲ್ಲಿ ಕೋಳಿಮರಿ ಮಾಡುವವರು. ಆರುನೂರು ಮೊಟ್ಟೆ ಹಿಡಿಯುವ ಪೆಟ್ಟಿಗೆ. ಇಪ್ಪತ್ತೊಂದು ದಿನ ಒಂದೇ ಹದದ ಕಾವು, ಗಂಟೆಗೊಮ್ಮೆ ಮೊಟ್ಟೆಯ ತಟ್ಟೆ ಓರೆಯಾಗಿ ತಿರುಗಬೇಕು, ಕೊನೆಯ ಮೂರು ದಿನ ತಿರುಗಬಾರದು. ದಿನ ಎಣಿಸುವುದು ಬೋರ್ಡಿನ ಕೆಲಸ.

ದೊಡ್ಡಕ್ಕ ಆ ಬೋರ್ಡಿಗೆ ಮೂರು ಡಯೋಡು ಬೆಸೆದರು. ತಟ್ಟೆ ತಿರುಗಿಸುವ ಮೂರನೆಯ ರಿಲೇಯದ್ದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ತುಸು ಹೊತ್ತು ಕೂತರು. ಆಮೇಲೆ ಅದನ್ನು ಕರವಸ್ತ್ರದ ತುದಿಯಲ್ಲಿ ಗಂಟು ಕಟ್ಟಿ ಪರ್ಸಿನೊಳಗೆ ಹಾಕಿದರು. ಲೆಕ್ಕ ಸರಳವಾಗಿತ್ತು. ನಾಲ್ಕೈದು ದಿನದಲ್ಲಿ ಬೋರ್ಡು ತಪ್ಪು ಮಾಡುತ್ತದೆ, ಮೇಷ್ಟ್ರು ಫೋನ್ ಮಾಡುತ್ತಾರೆ, ಡಾಕ್ಟರಮ್ಮ ಊರಲ್ಲಿರುವುದಿಲ್ಲ. ಬೇರೆ ದಾರಿಯಿಲ್ಲದೆ ದೊಡ್ಡ ಸೊಸೆಯೇ ಹೋಗಬೇಕು. ಹೋಗಿ, ನೋಡಿ, ಒಂದೇ ನಿಮಿಷದಲ್ಲಿ ಬೆಸೆದು ಬರಬೇಕು. ಸಂಜೆ ಮಾವ ಕೇಳಿದಾಗ ಹೇಳಲಿಕ್ಕೆ ಇವರಿಗೂ ಒಂದು ಕತೆ. ಜೀವಮಾನದಲ್ಲಿ ಒಂದೇ ಒಂದು ಸಾಕು.

ರೂಢಿಯಂತೆ ಬೋರ್ಡನ್ನು ರೇಡಿಯೋದ ಪಕ್ಕ ಇಟ್ಟರು. ಮೂರನೆಯ ರಿಲೇ ಆರಿಸಿದ ಕೂಡಲೇ ರೇಡಿಯೋ ಚಟಾರೆಂದಿತು. ಮುಂದಿನ ಕೋಣೆಯಿಂದ ಮಾವ, "ಏನಮ್ಮ ಅದು?" ಎಂದರು. ದೊಡ್ಡಕ್ಕ ರೇಡಿಯೋ ಆರಿಸಿ, "ಏನೂ ಇಲ್ಲ ಮಾವ" ಎಂದರು.

ಆದರೆ ಕಾಯಿಲಿನ ಒದೆಗೆ ಪಂಚಾಂಗ ಗೊತ್ತಿರುವುದಿಲ್ಲ. ನಾಲ್ಕು ದಿನವಾಯಿತು, ಆರಾಯಿತು, ಒಂಬತ್ತಾಯಿತು. ಫೋನು ಬಡಿದಾಗಲೆಲ್ಲ ದೊಡ್ಡಕ್ಕ ಚಿಮುಟ ಕೆಳಗಿಟ್ಟು ಕಿವಿಗೊಡುತ್ತಿದ್ದರು. ಯಾವುದೂ ಮೇಷ್ಟ್ರದಲ್ಲ. ಒಮ್ಮೊಮ್ಮೆ, ಕೆಡದಿದ್ದರೇ ಒಳ್ಳೆಯದಾಯಿತು ಎನ್ನಿಸುತ್ತಿತ್ತಂತೆ. ಮರುಗಳಿಗೆಯಲ್ಲೇ, ನಾನು ಅರ್ಧ ಮಾಡಿದ್ದೂ ಕೆಡುವುದಿಲ್ಲವಲ್ಲ, ನನ್ನ ಹಣೆಬರಹವೇ ಇಷ್ಟು ಎಂದು ಸಿಟ್ಟು. ಹತ್ತನೆಯ ದಿನ ಕಿರಿಯವಳು ಮರಳಿ ಬಂದಳು. ಹನ್ನೆರಡನೆಯ ದಿನ ಬೆಳಿಗ್ಗೆ ಮೇಷ್ಟ್ರ ಫೋನು ಬಂತು.

"ಡಾಕ್ಟರಮ್ಮ ಬಂದ್ರಾ? ತಟ್ಟೆ ತಿರುಗಿ ನಿಂತಾಗೆಲ್ಲ ಯಂತ್ರ ಆರಿ ಹತ್ಕೊಳ್ತಿದೆ. ದಿನ ಹನ್ನೆರಡು ಅನ್ಬೇಕಾದ್ದು ಒಂದು ಅಂತಿದೆ!"

ಕಿರಿಯವಳು ಚೀಲ ಎತ್ತಿಕೊಂಡಳು. ದೊಡ್ಡಕ್ಕ ಬಾಗಿಲಿಗೆ ಬಂದು, "ನಾನೂ ಬರ್ತೀನಿ" ಎಂದರು.

"ಅಯ್ಯೋ, ಬನ್ನಿ ಅಕ್ಕ! ಎಷ್ಟು ವರ್ಷದಿಂದ ಕರೀತಿದ್ದೀನಿ. ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ದಾನೆ?" ಎಂದು ಅವಳು ನಿಜವಾಗಿಯೂ ಸಂತೋಷಪಟ್ಟಳು.

ಮೇಷ್ಟ್ರ ಕೋಣೆ ಬೆಚ್ಚಗಿತ್ತು, ಒದ್ದೆ ಗರಿಯ ವಾಸನೆ. ಪೆಟ್ಟಿಗೆಯ ಗಾಜಿನೊಳಗೆ ಸಾಲು ಸಾಲು ಮೊಟ್ಟೆ. ಒಂದೊಂದರ ಮೇಲೂ ಮೇಷ್ಟ್ರು ಪೆನ್ಸಿಲಿನಲ್ಲಿ ಹಾಜರಿ ಪುಸ್ತಕದಂತೆ ಅಂಕಿ ಬರೆದಿದ್ದರು. ಕಿರಿಯವಳು ಪೆಟ್ಟಿಗೆಯ ಕರೆಂಟು ತೆಗೆದು ಮುಚ್ಚಳ ಬಿಚ್ಚಿದಳು.

"ಹೆಚ್ಚು ಹೊತ್ತು ಆರಿಸ್ಬೇಡಿ ತಾಯಿ" ಎಂದರು ಮೇಷ್ಟ್ರು. "ಅರ್ಧ ಗಂಟೆ ತಡ್ಕೊಳ್ತವೆ. ಅದರ ಮೇಲೆ ನನ್ನ ಮಕ್ಕಳು ತಣ್ಣಗಾಗ್ತಾರೆ."

"ಹತ್ತು ನಿಮಿಷ, ಮೇಷ್ಟ್ರೇ."

ಹತ್ತು ನಿಮಿಷದಲ್ಲಿ ಅವಳು ಫ್ಯೂಸು ನೋಡಿದಳು, ಕರೆಂಟು ಕೊಡುವ ಭಾಗ ಅಳೆದಳು, ಕಾವು ಅಳೆಯುವ ತಂತಿಯನ್ನು ಬಿಚ್ಚಿ ಹೊಸತು ಹಾಕಿದಳು. ಕರೆಂಟು ಕೊಟ್ಟು ತಟ್ಟೆ ತಿರುಗಿಸಿದರೆ ಮತ್ತೆ ಹಾಗೆಯೇ. ಪರದೆಯ ಮೇಲೆ ಅಂಕಿ ಅಳಿಸಿ ಒಂದು. ಮೋಟಾರಿನ ತಂತಿ ಬಿಚ್ಚಿದಳು. ನೆಲಕ್ಕೆ ಕೂತು ಪೆಟ್ಟಿಗೆಯ ಹಿಂದಕ್ಕೆ ಅರ್ಧ ಮೈ ತೂರಿಸಿದಳು. ಬೋರ್ಡಿನ ಮುಖವನ್ನು ಒಂದು ಸಲವೂ ಸರಿಯಾಗಿ ನೋಡಲಿಲ್ಲ. ಡಯೋಡುಗಳು ರಿಲೇಗಳ ಹಿಂದೆ, ತಂತಿಗಳ ಮರೆಯಲ್ಲಿ ಇರುತ್ತವೆ. ತಂತಿಯ ಕಟ್ಟನ್ನು ಬೆರಳಿನಿಂದ ಸರಿಸಿದ್ದರೆ ಸಾಕಿತ್ತು.

ದೊಡ್ಡಕ್ಕ ಗೋಡೆಗೊರಗಿ ನಿಂತಿದ್ದರು. ಮೊದಲು ಅವರಿಗೆ ಒಂದು ಬಗೆಯ ತಂಪು. ನೋಡಲಿ, ಡಾಕ್ಟರಮ್ಮನೂ ಬೆವರಲಿ. ಬಾಯಿಗೆ ಬಂದಹಾಗೆ ಕತೆ ಕಟ್ಟುವವಳು ಇದನ್ನೂ ಕಟ್ಟಲಿ. ಇನ್ನೈದು ನಿಮಿಷ ಹೋಗಲಿ, ಆಮೇಲೆ ನಾನು ಮುಂದೆ ಬರುತ್ತೇನೆ.

ಐದು ನಿಮಿಷವಾಯಿತು. ಗಾಜಿನ ಮೇಲಿನ ಕಾವಿನ ಮುಳ್ಳು ಇಳಿಯುತ್ತಿತ್ತು. ಮೇಷ್ಟ್ರು ಒಂದು ಕಂಬಳಿ ತಂದು ಪೆಟ್ಟಿಗೆಗೆ ಹೊದಿಸಿದರು. ಅದರ ಅಂಚನ್ನು ಕೈಯಿಂದ ಒತ್ತಿ ಒತ್ತಿ ಸರಿಮಾಡಿದರು.

"ಬೋರ್ಡೇ ಹಾಳಾಗಿದ್ಯೋ ಏನೋ" ಎಂದರು ಕೊನೆಗೆ.

"ಬೋರ್ಡಲ್ಲ ಮೇಷ್ಟ್ರೇ" ಎಂದಳು ಕಿರಿಯವಳು ಪೆಟ್ಟಿಗೆಯ ಹಿಂದಿನಿಂದಲೇ. "ಅದು ನಮ್ಮಕ್ಕ ಮಾಡಿದ್ದು. ಬೇರೆಯವರ ಬೋರ್ಡಾದ್ರೆ ಮೊದಲು ಅಲ್ಲೇ ಕೈ ಹಾಕ್ತಿದ್ದೆ. ಅವರದನ್ನ ನಾನು ನೋಡೋದೇ ಇಲ್ಲ. ನಾನು ಈ ಮನೆಗೆ ಬಂದ ಆರು ವರ್ಷದಲ್ಲಿ ನೋಡಿಲ್ಲ."

ದೊಡ್ಡಕ್ಕನಿಗೆ ತಾವು ನಿಂತ ನೆಲವೇ ಒದ್ದಂತಾಯಿತು. ಆರು ವರ್ಷ ಅವರು ಯಾರಾದರೂ ಹೇಳಲಿ ಎಂದು ಕಾದಿದ್ದ ಮಾತು ಅದು. ಯಾರ ಬಾಯಿಂದ ಬರಬಾರದಿತ್ತೋ ಅವಳ ಬಾಯಿಂದ, ಯಾವ ದಿನ ಬರಬಾರದಿತ್ತೋ ಅದೇ ದಿನ ಬಂತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳು ಇನ್ನೂ ಒಂದು ಗಂಟೆ ಹುಡುಕುತ್ತಾಳೆ, ನೋಡುವುದಿಲ್ಲ. ಮೊಟ್ಟೆಗಳು ಮಾತ್ರ ಕಾಯುವುದಿಲ್ಲ. ಗಡಿಯಾರದಲ್ಲಿ ಇಪ್ಪತ್ತೆಂಟು ನಿಮಿಷ ಕಳೆದಿತ್ತು.

"ಮೂರನೇ ರಿಲೇ ಹಿಂದೆ ನೋಡು" ಎಂದರು ದೊಡ್ಡಕ್ಕ.

ಕಿರಿಯವಳು ಎದ್ದು ಬಂದು ತಂತಿಗಳನ್ನು ಸರಿಸಿದಳು. ಎರಡು ರಂಧ್ರಗಳು, ಹೊಳೆಯುತ್ತಾ, ಬೆಸುಗೆಯ ಗುರುತೇ ಇಲ್ಲದೆ ಖಾಲಿ. ಅವಳು ಹಿಂದಿರುಗಿ ನೋಡುವಷ್ಟರಲ್ಲಿ ದೊಡ್ಡಕ್ಕ ಪರ್ಸಿನಿಂದ ಕರವಸ್ತ್ರ ತೆಗೆದು ಗಂಟು ಬಿಚ್ಚುತ್ತಿದ್ದರು. ಅಂಗೈಯಲ್ಲಿ ಆ ಡಯೋಡು.

ಅವಳು ಡಯೋಡನ್ನು ನೋಡಿದಳು, ಕರವಸ್ತ್ರದಲ್ಲಿ ಬಿದ್ದಿದ್ದ ಗಂಟಿನ ಸುಕ್ಕನ್ನು ನೋಡಿದಳು. ತೆಗೆದುಕೊಂಡು ಬೆಸೆದಳು, ಆ ರಿಲೇಗೆ ಕರೆಂಟು ಬಿಡುವ, ಒದೆ ತಿಂದು ಬಳಲಿದ್ದ ಪಕ್ಕದ ಟ್ರಾನ್ಸಿಸ್ಟರನ್ನೂ ಬದಲಿಸಿದಳು. ಕರೆಂಟು ಕೊಟ್ಟು ದಿನವನ್ನು ಕೈಯಿಂದ ಹನ್ನೆರಡಕ್ಕೆ ತಂದು ನಿಲ್ಲಿಸಿದಳು. ತಟ್ಟೆ ತಿರುಗಿ ನಿಂತಿತು. ಅಂಕಿ ಅಲುಗಲಿಲ್ಲ.

"ಏನಾಗಿತ್ತು ಡಾಕ್ಟರಮ್ಮ?"

"ಒಂದು ಪಾರ್ಟು ಜಾಗದಲ್ಲಿ ಇರ್ಲಿಲ್ಲ ಮೇಷ್ಟ್ರೇ."

"ಅಂತೂ ನೀವು ಬಂದ್ಮೇಲೆ ಸರಿಹೋಗದೆ ಇರುತ್ತಾ!" ಎಂದು ಮೇಷ್ಟ್ರು ಕಂಬಳಿ ಮಡಿಸತೊಡಗಿದರು. ದೊಡ್ಡಕ್ಕನ ಕಡೆ ತಿರುಗಿ, "ನೀವು ಇವರ ಜೊತೆ ಕೆಲಸ ಕಲೀತಿದ್ದೀರಾ?" ಎಂದು ಅಕ್ಕರೆಯಿಂದ ಕೇಳಿದರು.

ದಾರಿಯ ಅರ್ಧಕ್ಕೆ ಕಿರಿಯವಳು ಸ್ಕೂಟರು ನಿಲ್ಲಿಸಿದಳು. ಮುಚ್ಚಿದ ಒಂದು ಅಂಗಡಿಯ ಮೆಟ್ಟಿಲ ಮುಂದೆ.

"ಬೇಕಂತಲೇ, ಅಲ್ವಾ?"

"ಹೂಂ."

"ನನ್ನ ಮೇಲೆ?"

"ಇನ್ಯಾರ ಮೇಲೆ."

"ಹೊಟ್ಟೆಕಿಚ್ಚಿದ್ರೆ ನನ್ನ ಮೇಲೆ ಕಾರಿ ಅಕ್ಕ. ಜಗಳ ಆಡಿ. ಜುಟ್ಟು ಹಿಡೀರಿ. ಆ ಮುದುಕಪ್ಪನ ಮೊಟ್ಟೆ ಏನ್ ಮಾಡಿತ್ತು ನಿಮಗೆ?"

ದೊಡ್ಡಕ್ಕ ಪತ್ರಿಕೆಯ ಚಿತ್ರದ ವಿಷಯ ಎತ್ತಿದರು, ಗೂಡಿನ ಬಾತುಕೋಳಿಯ ವಿಷಯವನ್ನೂ. ಹೇಳುವಾಗಲೇ ಅದು ಎಷ್ಟು ಚಿಕ್ಕದೆಂದು ತಮ್ಮ ಕಿವಿಗೇ ಕೇಳಿಸಿತಂತೆ. ಆದರೂ ನಿಲ್ಲಿಸಲಾಗಲಿಲ್ಲ, ಎಲ್ಲವನ್ನೂ ಹೇಳಿದರು.

"ಪತ್ರಿಕೆಯವ್ರಿಗೆ ನಾನು ಹೇಳ್ದೆ, ಇದು ಅಕ್ಕ ಮಾಡಿದ್ದು ಅಂತ" ಎಂದಳು ಅವಳು. "ಅವ್ರು ಬರೀಲಿಲ್ಲ. ನಾನು ಇನ್ನೊಂದು ಸಲ ಹೇಳ್ಬೇಕಿತ್ತು. ಹೇಳ್ಲಿಲ್ಲ. ಅಷ್ಟು ತಪ್ಪು ನಂದು. ಇದು ಮಾತ್ರ ನಿಮ್ಮದು." ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, "ಮಾವನಿಗೆ ಹೇಳಲ್ಲ, ಹೆದರ್ಬೇಡಿ. ಆದ್ರೆ ನಾಳೆಯಿಂದ ನಿಮ್ಮ ಬೋರ್ಡನ್ನ ನಾನು ನೋಡ್ತೀನಿ. ಒಂದೊಂದೂ."

ಆ ಇಪ್ಪತ್ತೊಂದನೆಯ ದಿನ ಮೇಷ್ಟ್ರಿಗೆ ಎಂದಿಗಿಂತ ನಲವತ್ತು ಮರಿ ಕಡಿಮೆಯಾಯಿತು. ಅದು ಆ ಅರ್ಧ ಗಂಟೆಯಿಂದಲೋ, ಮೊಟ್ಟೆಗಳೇ ಹಾಗಿದ್ದವೋ ಯಾರಿಗೂ ಗೊತ್ತಿಲ್ಲ. ದೊಡ್ಡಕ್ಕನಿಗೆ ಮಾತ್ರ ಅನುಮಾನವಿಲ್ಲ. ನಲವತ್ತು ಎಂಬ ಅಂಕಿ ಅವರ ಬಾಯಲ್ಲಿ ಎಷ್ಟೋ ಸಲ ಬಂದುಹೋಗುತ್ತದೆ.

ದಾರಿಯಲ್ಲಿ ಆ ಮಾತಾದ ಮರುದಿನದಿಂದಲೇ ಕಿರಿಯವಳು ಹೇಳಿದಂತೆಯೇ ಮಾಡಿದಳು. ಮಧ್ಯಾಹ್ನದ ಮೇಲೆ ಹಿಂದಿನ ಕೋಣೆಗೆ ಬಂದು, ಮುಗಿದ ಎಂಟೂ ಬೋರ್ಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ರಿಲೇಗಳ ಹಿಂದೆ ಇಣುಕಿ, "ಒಂದು, ಎರಡು, ಮೂರು, ನಾಲ್ಕು" ಎಂದು ಗಟ್ಟಿಯಾಗಿ ಎಣಿಸಿ ಇಡುವಳು. ಕೊಂಕು ಮಾತಿಲ್ಲ, ನಗುವೂ ಇಲ್ಲ. ದೊಡ್ಡಕ್ಕ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿರಬೇಕು. ಎರಡನೆಯ ವಾರ ಮಾವ ಬಾಗಿಲಲ್ಲಿ ನಿಂತು ಇದನ್ನು ನೋಡಿದರು.

"ನೋಡಿದ್ಯಾ ಚಿಕ್ಕವಳ ತಲೆ!" ಎಂದರು ದೊಡ್ಡಕ್ಕನಿಗೆ. "ಹೊರಗೆ ಹೋಗೋ ಮುಂಚೆ ಇನ್ನೊಬ್ಬರು ನೋಡ್ಬೇಕು. ಇಷ್ಟು ವರ್ಷ ನಮಗ್ಯಾರಿಗೂ ಹೊಳೀಲಿಲ್ಲವಲ್ಲ. ಇನ್ಮೇಲೆ ಇದೇ ಪದ್ಧತಿ."

ಕಿರಿಯವಳು ಎಣಿಕೆ ನಿಲ್ಲಿಸಿ ದೊಡ್ಡಕ್ಕನ ಮುಖ ನೋಡಿದಳು. ದೊಡ್ಡಕ್ಕನಿಗೆ ಹೊಟ್ಟೆಯೊಳಗೆ ಹಳೆಯ ಕಿಚ್ಚು ಭಗ್ಗೆಂದಿತು. ಈ ಎಣಿಕೆ ಏಕೆ ಶುರುವಾಯಿತೆಂದು ಹೇಳಹೊರಟರೆ ಆ ಡಯೋಡಿನ ಕತೆಯನ್ನೂ ಹೇಳಬೇಕಾಗುತ್ತಿತ್ತು.

"ಹೌದು ಮಾವ, ಒಳ್ಳೆ ಪದ್ಧತಿ" ಎಂದರು.